ಶುಕ್ರವಾರದ ಕೆಡಿಸುವ ಪಿರಿಯಡ್

ಈಗಷ್ಟೇ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವ ಮಾತು ಒಂದೇ: "ಮೇಡಂ, ನೀವು ಪ್ರೋಗ್ರಾಮಿಂಗ್ ಎಲ್ಲಿ ಕಲಿತ್ರಿ?" ನಿಜ ಹೇಳಿದರೆ ನಂಬುವುದಿಲ್ಲ. ನಾನು ಕಲಿತದ್ದು ಪುಸ್ತಕ ನೋಡಿ, ಅದೂ ನನ್ನ ವಿದ್ಯಾರ್ಥಿನಿಯರಿಗಿಂತ ಎರಡೇ ಎರಡು ಪುಟ ಮುಂದಿದ್ದುಕೊಂಡು. ಕೆಲವು ವಾರ ಎರಡು ಪುಟ ಹಿಂದೆ ಬಿದ್ದದ್ದೂ ಉಂಟು. ನಿವೃತ್ತಿಯಾದಾಗ ಹೊದಿಸಿದ ಶಾಲುಗಳು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ, ಅವುಗಳ ಮಾತು ಬೇಡ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಹೊಸಬರಿಗೆ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನನ್ನ ಹೊಟ್ಟೆಪಾಡು ಶುರುವಾದದ್ದು ಎಂಬತ್ತರ ದಶಕದಲ್ಲಿ, ಕಲಬುರಗಿಯ ಸ್ಟೇಶನ್ ಬಜಾರದ ಒಂದು ಮಹಡಿಯ ಮೇಲಿನ ಟೈಪಿಂಗ್ ಕ್ಲಾಸಿನಲ್ಲಿ. ಕೆಳಗೆ ಖಾನಾವಳಿ, ಪಕ್ಕದಲ್ಲಿ ಲಾಡ್ಜು, ಎದುರಿಗೆ ಆಟೋ ಸ್ಟ್ಯಾಂಡು. ಹದಿನಾಲ್ಕು ಟೈಪ್‌ರೈಟರ್ ಒಟ್ಟಿಗೆ ಬಡಿಯುತ್ತಿದ್ದರೆ ರೈಲು ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಕ್ಲಾಸಿನ ಒಡೆಯರು ಗುಂಡೇರಾವ್ ಮಾಸ್ತರರು. ಬಿಳಿ ಟೋಪಿ, ಕಿವಿಯ ಮೇಲೆ ಕೆಂಪು ಪೆನ್ಸಿಲು. ನಾನು ಅವರ ಹತ್ತಿರ ಕಲಿತು, ಅಲ್ಲೇ ಕಲಿಸಲು ನಿಂತೆ.

ಮಾಸ್ತರರದು ಎರಡೇ ಕಾನೂನು. ಕಣ್ಣು ಮೂಲಪ್ರತಿಯ ಮೇಲಿರಬೇಕು, ಕೀಲಿಗಳ ಮೇಲಲ್ಲ. ಮೂಲಪ್ರತಿಯಲ್ಲಿ ಏನಿದೆಯೋ ಅದೇ ಹಾಳೆಯ ಮೇಲೆ ಬರಬೇಕು. ಒಂದು ದಿನ ನಾನು ಮೂಲದಲ್ಲಿದ್ದ ಕಾಗುಣಿತದ ತಪ್ಪನ್ನು ತಿದ್ದಿ ಹೊಡೆದೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡರೆ, ಕೆಂಪು ಪೆನ್ಸಿಲು ಕೆಳಗಿಳಿಯಿತು.

"ನಿನಗ ತಿದ್ದಂತ ಯಾರು ಹೇಳ್ಯಾರ? ಇದ್ದದ್ದು ಇದ್ದಂಗ ಹೊಡಿ. ಟೈಪಿಸ್ಟ್ ಅಂದ್ರ ಕೈ, ತಲಿ ಅಲ್ಲ" ಎಂದರು ಮಾಸ್ತರರು.

ಅವರದು ತಪ್ಪೇನಲ್ಲ. ಕಚೇರಿಯ ಸಾಹೇಬರಿಗೆ ತಿದ್ದುವ ಟೈಪಿಸ್ಟು ಬೇಕಿರಲಿಲ್ಲ, ಪರೀಕ್ಷೆಯಲ್ಲಿ ಅಕ್ಷರದ ಮೇಲೆ ಅಕ್ಷರ ಹೊಡೆದರೆ ಅಂಕ ಹೋಗುತ್ತಿತ್ತು. ಹಾಗಾಗಿ ರಬ್ಬರಿಗೆ ನಮ್ಮ ಕ್ಲಾಸಿನಲ್ಲಿ ಪ್ರವೇಶವೇ ಇರಲಿಲ್ಲ. ತಪ್ಪಾಯಿತೋ, ಹಾಳೆ ತೆಗೆ, ಹೊಸ ಹಾಳೆ ಹಾಕು, ಮೊದಲಿನಿಂದ ಶುರುಮಾಡು. ಹತ್ತು ಹನ್ನೆರಡು ವರ್ಷ ನಾನೂ ಇದನ್ನೇ ನೂರಾರು ಹುಡುಗಿಯರ ಬೆರಳುಗಳಿಗೆ ತುಂಬಿದೆ. ಅವರು ಚೆನ್ನಾಗಿ ಪಾಸಾದರು, ನೌಕರಿ ಹಿಡಿದರು, ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ತೊಂಬತ್ತರ ದಶಕದಲ್ಲಿ ಟೈಪ್‌ರೈಟರುಗಳ ಸದ್ದು ಅಡಗುತ್ತ ಬಂತು. ಜೇವರ್ಗಿ ಕಾಲೋನಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆಯಿತು. "ಟೈಪಿಂಗ್ ಬಂದ್ರ ಅರ್ಧ ಕಂಪ್ಯೂಟರ್ ಬಂದಂಗ" ಎಂದು ಅಲ್ಲಿನ ಪ್ರಾಚಾರ್ಯರಾದ ಸಿದ್ರಾಮಪ್ಪ ಸರ್ ನನ್ನನ್ನು ಸೇರಿಸಿಕೊಂಡರು. ಉಳಿದರ್ಧಕ್ಕೆ ಹೈದರಾಬಾದಿಗೆ ಎರಡು ತಿಂಗಳು ಕಳಿಸಿದರು. ಅಲ್ಲಿ ನಾನು ಕಲಿತದ್ದು ಹೆಚ್ಚೇನಲ್ಲ, ಆದರೆ ಕಂಪ್ಯೂಟರಿನ ಎದುರು ಗಾಬರಿಯಾಗಿದ್ದರೂ ಆಗದಂತೆ ಕೂತುಕೊಳ್ಳುವುದು ಚೆನ್ನಾಗಿ ಬಂತು.

ಸಿದ್ರಾಮಪ್ಪ ಸರ್ ಒಳ್ಳೆಯವರು, ಆದರೆ ಕೇಂದ್ರದ ಎಂಟು ಕಂಪ್ಯೂಟರುಗಳ ವಿಷಯದಲ್ಲಿ ಬಾಣಂತಿಯ ತಾಯಿಯಂತೆ ಇದ್ದರು. ಚಪ್ಪಲಿ ಹೊರಗೆ. ಕಿಟಕಿಗೆ ದಪ್ಪ ಪರದೆ. ಒಂದೊಂದಕ್ಕೂ ಅವರ ಮನೆಯವರು ಹೆಣೆದುಕೊಟ್ಟ ಕ್ರೋಶಾ ಮುಸುಕು. ಯಾರಾದರೂ ಕೆಮ್ಮಿದರೆ, "ಹೊರಗ ಕೆಮ್ಮಿ ಬರ್ರಿ, ವೈರಸ್ ಅಂತಾರಲ್ಲ" ಎನ್ನುತ್ತಿದ್ದರು. ವೈರಸ್ಸು ಹಾಗೆ ಹತ್ತುವುದಿಲ್ಲ ಎಂದು ಅವರಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಮೊದಲ ಆರು ತಿಂಗಳು ನನಗೂ ಅನುಮಾನವಿತ್ತು.

ಕೇಂದ್ರದಲ್ಲಿ ಎರಡು ಕೋರ್ಸು. ಬೆಳಿಗ್ಗೆ ಹುಡುಗರಿಗೆ ಪ್ರೋಗ್ರಾಮಿಂಗ್, ಮಧ್ಯಾಹ್ನ ಹುಡುಗಿಯರಿಗೆ ಡಾಟಾ ಎಂಟ್ರಿ. ಹೀಗೆಂದು ಯಾರೂ ನಿಯಮ ಬರೆದಿರಲಿಲ್ಲ. ಪ್ರವೇಶದ ಅರ್ಜಿಯಲ್ಲಿ ಕೋರ್ಸು ಎಂಬ ಖಾಲಿ ಜಾಗವಿತ್ತು, ಅದನ್ನು ತುಂಬುತ್ತಿದ್ದವಳು ನಾನು. ಹುಡುಗಿ ಬಂದಳೆಂದರೆ ಅವಳನ್ನು ಕೇಳದೆ ಡಾಟಾ ಎಂಟ್ರಿ ಎಂದು ಬರೆಯುತ್ತಿದ್ದೆ, 'ತಪ್ಪಾದರೆ ಹೊಸ ಹಾಳೆ' ಎಂಬ ಮಾಸ್ತರರ ಕಾನೂನನ್ನೇ ಕಂಪ್ಯೂಟರಿನಲ್ಲೂ ಕಲಿಸುತ್ತಿದ್ದೆ. ನಂದೂರಿನ ದಾಲ್ ಮಿಲ್ಲಿನವರು ಬಂದು "ಒಬ್ಬಾಕಿ ಚಲೋ ಟೈಪಿಂಗ್ ಹುಡುಗಿ ಕೊಡ್ರಿ" ಎಂದರೆ ಕೊಡುತ್ತಿದ್ದೆ. ಅದೇ ಮಿಲ್ಲಿಗೆ ಪ್ರೋಗ್ರಾಮ್ ಬರೆಯಲು ಹೋಗುತ್ತಿದ್ದವನು ಬೆಳಗಿನ ಬ್ಯಾಚಿನ ಹುಡುಗ. ಇಬ್ಬರ ಕುರ್ಚಿಯೂ ಬೇರೆ, ಇಬ್ಬರಿಗೆ ಸಿಗುತ್ತಿದ್ದ ಮರ್ಯಾದೆಯೂ ಬೇರೆ. ಹೆಣ್ಣುಮಕ್ಕಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಕಮಲಾಪುರದಲ್ಲಿ ಶನಿವಾರದ ಶಾಖೆ ತೆರೆದೆವು. ಒಂದು ಬಾಡಿಗೆ ಕೋಣೆ, ನಗರದ ಕೇಂದ್ರಕ್ಕೆ ಎರಡು ಹೊಸವು ಬಂದದ್ದರಿಂದ ಅಲ್ಲಿಂದ ಸಾಗಿಸಿದ ಎರಡು ಹಳೆಯ ಕಂಪ್ಯೂಟರು. ಅವನ್ನು ತಂದವರು ಅದೇ ಊರಿನ ಶರಣಪ್ಪ, ಕೆಂಬಾಳೆ ಗೊನೆ ಸಾಗಿಸುವ ತಮ್ಮ ಟೆಂಪೋದಲ್ಲಿ. ಎರಡು ಕಂಪ್ಯೂಟರಿಗೂ ಅಕ್ಕಪಕ್ಕ ಬಾಳೆಯೆಲೆ ಒತ್ತಿ ಮೊಲದ ಮರಿ ತಂದಂತೆ ತಂದಿದ್ದರು.

ಉದ್ಘಾಟನೆಯ ದಿನ ಸಿದ್ರಾಮಪ್ಪ ಸರ್ ಹೊರಗೆ ಭಾಷಣ ಮಾಡುತ್ತಿದ್ದಾಗ, ಒಳಗೆ ಓಣಿಯ ಹಿರಿಯ ಹೆಂಗಸರು ತಮ್ಮ ಕೆಲಸ ಮುಗಿಸಿದ್ದರು. ಹೆಣ್ಣುಮಗಳಿಗೆ ಮಡಿಲು ತುಂಬುವಂತೆ ಕಂಪ್ಯೂಟರುಗಳಿಗೆ ಉಡಿ ತುಂಬಿಬಿಟ್ಟಿದ್ದರು! ಕೀಬೋರ್ಡಿನ ಮೇಲೆ ಹೊಸ ಕುಪ್ಪಸದ ಕಣ, ಅದರ ಮೇಲೆ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಸಿನದ ಕೊಂಬು. ನಾನು ಹೌಹಾರಿ ಕಣ ಎಳೆದೆ. ಎಳೆಯಬಾರದಿತ್ತು, ಅಕ್ಕಿಯೆಲ್ಲ ಕೀಲಿಗಳ ಸಂದಿಗೆ ಸುರಿಯಿತು.

"ಯಾಕ್ರೆವ್ವಾ ಹಿಂಗ ಮಾಡಿದ್ರಿ?" ಎಂದೆ.

"ನಮ್ಮ ಮನಿ ಹೆಣ್ಮಕ್ಕಳ ಜೋಡಿ ಬಾಳೇ ಮಾಡಾಕ ಬಂದದಲ್ರೀ ಬಾಯಾರ. ಖಾಲಿ ಉಡೀಲೆ ಕುಂದರಸೂದು ಹ್ಯಾಂಗ?" ಎಂದರು ಶರಣಪ್ಪನ ತಾಯಿ.

ಕೀಬೋರ್ಡನ್ನು ಬೋರಲು ಹಾಕಿ ಮೊರದಂತೆ ತಟ್ಟಿದೆ. ಮುಂದೆ ಮೂರು ತಿಂಗಳು ಯಾರಾದರೂ ಜೋರಾಗಿ ಸ್ಪೇಸ್ ಒತ್ತಿದರೆ ಒಂದು ಅಕ್ಕಿಕಾಳು ಹೊರಗೆ ಬಂದು ನಮಸ್ಕಾರ ಹೇಳಿ ಹೋಗುತ್ತಿತ್ತು.

ಶರಣಪ್ಪನ ಹಿರಿಯ ಮಗಳು ಮಹಾನಂದಾ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಶನಿವಾರದ ಕ್ಲಾಸಿಗೆ ಸೇರಿದ ನಾಲ್ಕೇ ತಿಂಗಳಿಗೆ ಅವಳ ಟೈಪಿಂಗಿನಲ್ಲಿ ತಪ್ಪು ಹುಡುಕಲು ನನಗೆ ಕನ್ನಡಕ ಬೇಕಾಯಿತು. ನಾನು ಬೀಗಿದೆ. ಒಂದು ಶನಿವಾರ ಅವಳು ಕೇಳಿದಳು, "ಮೇಡಂರೀ, ನಾವು ಹೊಡದದ್ದು ಇದು ತೋರಸ್ತದ, ಸರಿ. ಆದರ ಇದಕ್ಕ ಹಿಂಗ ತೋರಸು ಅಂತ ಹೇಳಿದವರು ಯಾರ್ರೀ?"

"ಪ್ರೋಗ್ರಾಮ್ ಬರದವರು."

"ಅದು ನಮಗ ಯಾಕ ಕಲಸಂಗಿಲ್ರೀ?"

"ನಿನ್ನ ಬೆರಳು ಚಲೋ ಅದಾವ. ಡಾಟಾ ಎಂಟ್ರಿನೇ ನಿನಗ ಸರಿ" ಎಂದೆ ನಾನು.

ಅವಳು ಮುಖ ಸಣ್ಣ ಮಾಡಲಿಲ್ಲ, ಜಗಳ ತೆಗೆಯಲಿಲ್ಲ. ಮುಂದಿನ ಶನಿವಾರ ಬಂದು ಅದೇ ಪ್ರಶ್ನೆ ಕೇಳಿದಳು. ಅದರ ಮುಂದಿನ ಶನಿವಾರವೂ ಅದನ್ನೇ ಕೇಳಿದಳು. ಆ ದಿನ ವಾಪಸು ಬರುವ ಬಸ್ಸಿನಲ್ಲಿ ನನಗೆ ಗುಂಡೇರಾವ್ ಮಾಸ್ತರರ ಮಾತು ನೆನಪಾಯಿತು. ಕೈ ಚಲೋ ಇದೆ ಎಂದು ಹೊಗಳಿ ಹೊಗಳಿ, ತಲೆ ಇದೆಯೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿಯೇ ಇರಲಿಲ್ಲ.

ಸೋಮವಾರ ಸಿದ್ರಾಮಪ್ಪ ಸರ್ ಮುಂದೆ ನಿಂತು ಮಧ್ಯಾಹ್ನ ಹುಡುಗಿಯರಿಗೂ ಪ್ರೋಗ್ರಾಮಿಂಗ್ ಬ್ಯಾಚು ಬೇಕು ಎಂದೆ. ಅವರು ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು.

"ಒಂದು ವರ್ಷ ನೋಡೂಣ ಮೇಡಂ. ಹತ್ತು ಮಂದಿ. ವರ್ಷದ ಕೊನೀಗ ಹೊರಗಿನ ಪರೀಕ್ಷಕರು ಬಂದು ಪ್ರಾಕ್ಟಿಕಲ್ ತಗೋತಾರ. ಅರ್ಧಕ್ಕಿಂತ ಹೆಚ್ಚು ಮಂದಿ ಪಾಸಾದರ ಬ್ಯಾಚ್ ಉಳೀತದ. ಇಲ್ಲಾಂದ್ರ ಬಂದ್. ಮತ್ತ ನೀವೂ ಕೇಳಬಾರದು, ನಾನೂ ಕೊಡಬಾರದು."

ಶರಣಪ್ಪನೂ ಅಷ್ಟೇ ಅಳೆದು ಮಾತು ಕೊಟ್ಟರು. "ದಿನಾ ಬಸ್ಸಿನಾಗ ಕಲಬುರಗಿಗೆ ಅಂದ್ರ ಕಷ್ಟದ್ರಿ. ಒಂದೇ ವರ್ಷ ಕಳಸ್ತೀನಿ. ಫೇಲ್ ಆದ್ಲಂದ್ರ ಮತ್ತ ನನ್ನ ಕೇಳಬ್ಯಾಡ್ರಿ." ಹೀಗೆ ಮಹಾನಂದಾಗೆ ಸಿಕ್ಕದ್ದು ಒಂದೇ ವರ್ಷ, ಒಂದೇ ಪರೀಕ್ಷೆ. ಅವಳ ಹಿಂದೆ ಕಮಲಾಪುರದ ಉಳಿದ ಹುಡುಗಿಯರ ಪಾಳಿಯೂ ಅದರ ಮೇಲೆಯೇ ನಿಂತಿತ್ತು.

ಬ್ಯಾಚು ಶುರುವಾಯಿತು. ಹತ್ತರಲ್ಲಿ ಎಂಟು ಜನ ನನ್ನ ಹತ್ತಿರವೇ ಟೈಪಿಂಗ್ ಕಲಿತವರು. ಮಹಾನಂದಾಳ ಪಕ್ಕದ ಕುರ್ಚಿ ಸ್ಟೇಶನ್ ಬಜಾರದ ನಸೀಮಳದು. ತಂದೆ ದರ್ಜಿ, ಅವಳ ಬಾಯಿ ಮಾತ್ರ ಕತ್ತರಿ. ಮೊದಲ ದಿನ ಪುಸ್ತಕದಿಂದ ಒಂದು ಸಣ್ಣ ಪ್ರೋಗ್ರಾಮ್ ಹೊಡೆಯಲು ಕೊಟ್ಟೆ. ಮಳೆ ಸುರಿದಂತೆ ಹತ್ತು ಕೀಬೋರ್ಡು ಬಡಿದವು ಎನ್ನಬೇಕು, ಆದರೆ ಇದ್ದದ್ದು ಎಂಟೇ ಕೀಬೋರ್ಡು, ನಾಲ್ವರು ಎರಡನ್ನು ಹಂಚಿಕೊಂಡಿದ್ದರು. ಐದು ನಿಮಿಷಕ್ಕೆ ಎಲ್ಲರದೂ ಮುಗಿಯಿತು. ಓಡಿಸಿ ನೋಡಿದರೆ ಒಂದೂ ಓಡಲಿಲ್ಲ. ಬಗ್ಗಿ ನೋಡಿದೆ. ಪ್ರೋಗ್ರಾಮಿನ ನಡುವೆ ನಲವತ್ತೇಳು ಎಂಬ ಅಂಕಿ ಒಂಟಿಯಾಗಿ ಕೂತಿತ್ತು, ಅದು ಪುಸ್ತಕದ ಪುಟ ಸಂಖ್ಯೆ. ಅದರ ಕೆಳಗೆ ಪಾಠದ ಹೆಸರು. ಪುಟ ತಿರುಗಿದ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ, ಒಂದು ಅಕ್ಷರ ಬಿಡದೆ, ಹತ್ತೂ ಜನ ಹೊಡೆದಿದ್ದರು.

"ಅದನ್ನ ಅಳಸ್ರಿ" ಎಂದೆ. ಯಾರೂ ಅಳಿಸಲಿಲ್ಲ. ಬ್ಯಾಕ್‌ಸ್ಪೇಸ್ ಕೀಲಿಯ ಹತ್ತಿರ ಬೆರಳು ಹೋಗುತ್ತಿತ್ತು, ಬಿಸಿ ಹೆಂಚು ತಾಕಿದಂತೆ ಹಿಂದೆ ಬರುತ್ತಿತ್ತು. ಮಹಾನಂದಾ ಇನ್ನೂ ಒಂದು ಹೆಜ್ಜೆ ಮುಂದೆ. ಕಂಪ್ಯೂಟರಿನ ಬಟನ್ ಒತ್ತಿ ಆರಿಸಿ, ಮತ್ತೆ ಹಚ್ಚಿದಳು.

"ಯಾಕವಾ ಬಂದ್ ಮಾಡಿದಿ?"

"ಹೊಸ ಹಾಳಿ ಹಾಕೊಂಡೆರಿ" ಎಂದಳು ಅವಳು.

ಆ ಹೊತ್ತಿಗೆ ನಕ್ಕೆ. ಮನೆಗೆ ಬಂದು ಚಹಾ ಕುಡಿಯುವಾಗ ನಗು ಇಳಿಯಿತು. ಇವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂದು ನೋಡಿದವರು ಹೇಳುತ್ತಾರೆ. ಬರದಂತೆ ಮಾಡಿದವಳು ನಾನು. ತಪ್ಪಾದರೆ ತಿದ್ದಬಹುದು ಎಂಬುದನ್ನೇ ಬೆರಳುಗಳಿಂದ ಕಿತ್ತು ಹಾಕಿದ್ದೆ. ಪ್ರೋಗ್ರಾಮಿಂಗ್ ಎಂದರೆ ಮುಕ್ಕಾಲು ಪಾಲು ತಪ್ಪು ಮಾಡುವುದು, ಅದನ್ನು ಹುಡುಕುವುದು, ತಿದ್ದುವುದು. ಬೆಳಗಿನ ಬ್ಯಾಚಿನ ಹುಡುಗರೇನೂ ಮೇಧಾವಿಗಳಲ್ಲ. ಅವರು ಒಂದು ಬೆರಳಿನಿಂದ ಕುಟ್ಟುತ್ತಿದ್ದರು, ಹತ್ತು ಸಲ ಕೆಡಿಸುತ್ತಿದ್ದರು, ನಗುತ್ತಿದ್ದರು, ಮತ್ತೆ ಕೆಡಿಸುತ್ತಿದ್ದರು. ಕೆಡಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಹುಡುಗಿಯರಿಗೆ ಅದೊಂದು ಬೇಕಾಗಿತ್ತು.

ಮೊದಲು ಉಪದೇಶ ಮಾಡಿದೆ. "ತಪ್ಪು ಮಾಡ್ರಿ, ಏನಾಗಂಗಿಲ್ಲ" ಎಂದರೆ ಎಲ್ಲರೂ ತಲೆಯಾಡಿಸಿ, ಮತ್ತೆ ತಪ್ಪಿಲ್ಲದೆ ಹೊಡೆದರು. ಆಗ ಹೊಳೆದದ್ದು ಶುಕ್ರವಾರದ ಕೊನೆಯ ಪಿರಿಯಡ್. ಟೈಮ್ ಟೇಬಲಿನಲ್ಲಿ 'ಪುನರಾವರ್ತನೆ' ಎಂದಿದ್ದದ್ದನ್ನು ಹೊಡೆದುಹಾಕಿ 'ಕೆಡಿಸುವುದು' ಎಂದು ಬರೆದೆ. ಆಟ ಇಷ್ಟೇ: ಸರಿಯಾಗಿ ಓಡುವ ಪ್ರೋಗ್ರಾಮ್ ಎದುರಿಗಿಟ್ಟುಕೊಂಡು ಅಕ್ಕಪಕ್ಕದ ಇಬ್ಬರು ಕುರ್ಚಿ ಬದಲಿಸಬೇಕು. ಪಕ್ಕದವಳದನ್ನು ಒಂದೇ ಒಂದು ಕಡೆ ಕೆಡಿಸಬೇಕು. ಮತ್ತೆ ತಮ್ಮ ಜಾಗಕ್ಕೆ ಬಂದು, ಕೆಟ್ಟದ್ದು ಎಲ್ಲಿ ಎಂದು ಹುಡುಕಿ ತಿದ್ದಬೇಕು.

ಮೊದಲ ಶುಕ್ರವಾರ ಯಾರ ಕೈಯೂ ಏಳಲಿಲ್ಲ. ಪರರ ಮನೆಯ ಅಡುಗೆಗೆ ಉಪ್ಪು ಸುರಿಯಲು ಹೇಳಿದಂತೆ ಕೂತಿದ್ದರು. ಕೊನೆಗೆ ನಸೀಮ, "ಮೇಡಂ, ಗುನ್ಹಾ ನಿಮ್ಮ ತಲಿ ಮ್ಯಾಲ ನೋಡ್ರಿ" ಎಂದು ಹೇಳಿ ಮಹಾನಂದಾಳ ಪ್ರೋಗ್ರಾಮಿನಲ್ಲಿ ಸೊನ್ನೆ ಇದ್ದ ಕಡೆ ಇಂಗ್ಲಿಷಿನ 'ಓ' ಅಕ್ಷರ ಕೂರಿಸಿದಳು. ನೋಡಲು ಎರಡೂ ಒಂದೇ. ಮಹಾನಂದಾ ಇಡೀ ಪಿರಿಯಡ್ ಹುಡುಕಿದಳು. ನಾನೂ ಹುಡುಕಿದೆ, ಸಿಗಲಿಲ್ಲ, ಸಿಕ್ಕವಳ ಹಾಗೆ ನಕ್ಕು ಕೂತೆ. ಸಿಕ್ಕಾಗ ಮಹಾನಂದಾ ಕೂಗಿದ ಕೂಗು ರಸ್ತೆಗೆ ಕೇಳಿಸಿತು. ಬ್ಯಾಕ್‌ಸ್ಪೇಸನ್ನು ಅವಳು ಸೊಳ್ಳೆ ಹೊಡೆದಂತೆ ಹೊಡೆದಳು.

ಅಲ್ಲಿಂದ ಶುಕ್ರವಾರವೆಂದರೆ ಹಬ್ಬ. ವಾರವೆಲ್ಲ ಹೊಂಚು ಹಾಕಿ ತಪ್ಪುಗಳನ್ನು ಯೋಚಿಸಿಕೊಂಡು ಬರುತ್ತಿದ್ದರು. ಒಮ್ಮೆ ಕಿರುಚಾಟ ಕೇಳಿ ಸಿದ್ರಾಮಪ್ಪ ಸರ್ ಚಪ್ಪಲಿ ಬಿಚ್ಚುವುದನ್ನೂ ಮರೆತು ಒಳಗೆ ಓಡಿಬಂದರು.

"ಏನ್ ನಡದದ ಇಲ್ಲಿ?"

"ಕೆಡಸಾಕತ್ತೀವ್ರಿ ಸರ್!" ಎಂದಳು ನಸೀಮ ಎದ್ದು ನಿಂತು, ಬಹಳ ವಿನಯದಿಂದ.

ಸರ್ ಮುಖ ನೋಡುವಂತಿತ್ತು. ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಕೆಡುವುದು ಪ್ರೋಗ್ರಾಮು, ಯಂತ್ರ ಅಲ್ಲ ಎಂದು ತಿಳಿಹೇಳಿ, ಒಂದು ಲೋಟ ನೀರು ಕುಡಿಸಿ ಕಳಿಸಿದೆ.

ವರ್ಷ ಮುಗಿಯಿತು. ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಮೂಗಿನ ತುದಿಯ ಕನ್ನಡಕದವರು, ಮಾತು ಕಡಿಮೆ. ಕಲಿಸಿದವರು ಒಳಗಿರುವಂತಿಲ್ಲ ಎಂದು ನನ್ನನ್ನು ಬಾಗಿಲಿನ ಹೊರಗೆ ನಿಲ್ಲಿಸಿದರು. ಪ್ರಶ್ನೆ ಪತ್ರಿಕೆಯಲ್ಲಿ ಒಂದು ಪ್ರೋಗ್ರಾಮನ್ನೇ ಅಚ್ಚು ಹಾಕಿದ್ದರು: ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಕೂಡಿಸುವ ಪ್ರೋಗ್ರಾಮು. ಅದನ್ನು ಹೊಡೆದು, ಓಡಿಸಿ, ಬಂದ ಉತ್ತರ ಬರೆಯಬೇಕು. ಹತ್ತು ನಿಮಿಷದ ಕೆಲಸ.

ಸ್ವಲ್ಪ ಹೊತ್ತಿಗೆ ಮಹಾನಂದಾಳ ದನಿ ಕೇಳಿಸಿತು. "ಸರ್, ಇದರಾಗ ತಪ್ಪದರಿ."

"ಪ್ರಶ್ನೆ ಪತ್ರಿಕೆದಾಗ ತಪ್ಪು ಇರಂಗಿಲ್ಲ. ಇದ್ದದ್ದು ಇದ್ದಂಗ ಹೊಡಿ" ಎಂದರು ಪರೀಕ್ಷಕರು.

ಗುಂಡೇರಾವ್ ಮಾಸ್ತರರ ಅದೇ ಹಳೆಯ ಮಾತು. ಆ ಒಂದು ಮಾತಿಗೆ ಆ ಹುಡುಗಿಯರ ಬೆರಳು ಹೇಗೆ ಬಗ್ಗುತ್ತವೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬಗ್ಗಿಸಿದವಳೇ ನಾನು. ಇದ್ದಂತೆ ಹೊಡೆದರೆ ಉತ್ತರ ತಪ್ಪಾಗಿ ಫೇಲು, ತಿದ್ದಿದರೆ ಮಾತು ಕೇಳಲಿಲ್ಲ ಎಂದು ಫೇಲು. ಒಳಗೆ ಕೀಲಿಗಳು ಬಡಿಯತೊಡಗಿದವು. ಯಾರು ಏನು ಹೊಡೆಯುತ್ತಿದ್ದಾರೆ ಎಂದು ಬಾಗಿಲಿನಿಂದ ಕಾಣುತ್ತಿರಲಿಲ್ಲ.

ಅರ್ಧ ಗಂಟೆಯ ನಂತರ ಪರೀಕ್ಷಕರು ಹಾಳೆ ಹಿಡಿದು ಹೊರಗೆ ಬಂದು ಸಿದ್ರಾಮಪ್ಪ ಸರ್‌ಗೆ ಹೇಳಿ ಕಳಿಸಿದರು. ಅವರ ಹಿಂದೆಯೇ ಮಹಾನಂದಾ, ಸೆರಗು ಬಿಗಿಯಾಗಿ ಹಿಡಿದು. ಅವಳು ಪ್ರಿಂಟ್ ತೆಗೆದ ಹಾಳೆಯಲ್ಲಿ ಒಂದಲ್ಲ, ಎರಡು ಪ್ರೋಗ್ರಾಮು ಇದ್ದವು. ಮೇಲಿನದು ಅಚ್ಚಿನಲ್ಲಿದ್ದಂತೆ, ಒಂದು ಚುಕ್ಕೆಯೂ ಆಚೀಚೆ ಇಲ್ಲ. ಅದರ ಕೆಳಗೆ ಕೈಬರಹ: 'ಇದು ನೀವು ಕೊಟ್ಟದ್ದು. ಉತ್ತರ ಹತ್ತು.' ಅದರ ಕೆಳಗೆ ಇನ್ನೊಂದು: 'ಪ್ರತಿ ಸಲ ಹಿಂದಿನ ಮೊತ್ತವನ್ನು ಸೇರಿಸುವುದು ಬಿಟ್ಟುಹೋಗಿದೆ. ಇದು ತಿದ್ದಿದ್ದು. ಉತ್ತರ ಐವತ್ತೈದು.'

"ಪ್ರಶ್ನೆ ಪತ್ರಿಕೆ ತಿದ್ದೂ ಅಧಿಕಾರ ನಿನಗ ಯಾರು ಕೊಟ್ಟಾರ?" ಎಂದರು ಪರೀಕ್ಷಕರು.

"ನಮ್ಮ ಮೇಡಂರೀ" ಎಂದಳು ಮಹಾನಂದಾ ನೆಲ ನೋಡುತ್ತ. "ವಾರಾ ವಾರಾ ಕೊಡ್ತಾರ್ರಿ. ಶುಕ್ರವಾರಕ್ಕ."

ಸಿದ್ರಾಮಪ್ಪ ಸರ್ ಹಾಳೆ ಇಸಿದುಕೊಂಡರು. ಅವರಿಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತ ಒಂದು, ಮೂರು, ಆರು, ಹತ್ತು ಎಂದು ಬಾಯಲ್ಲೇ ಕೂಡಿಸತೊಡಗಿದರು. ನಡುವೆ ತಪ್ಪಿದರು, ಮತ್ತೆ ಮೊದಲಿನಿಂದ ಹಿಡಿದರು. ನಾವು ಮೂವರೂ ಅವರ ಹೆಬ್ಬೆರಳನ್ನೇ ನೋಡುತ್ತ ನಿಂತೆವು. ಅಷ್ಟು ಉದ್ದನೆಯ ಕೂಡುವ ಲೆಕ್ಕವನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ.

"ಐವತ್ತೈದೇ ಬರ್ತದ್ರಿ ಸರ್" ಎಂದರು ಕೊನೆಗೆ. "ಹುಡುಗಿ ಖರೇ ಹೇಳ್ಯಾಳ."

ಪರೀಕ್ಷಕರು ಕನ್ನಡಕ ಮೇಲೇರಿಸಿದರು. ಒಳಗೆ ಹೋಗಿ ಉಳಿದವರ ಹಾಳೆಗಳನ್ನು ತಂದು ನೋಡಿದರು. ಇನ್ನೂ ಆರು ಜನ ಐವತ್ತೈದು ಬರೆದಿದ್ದರು. ನಸೀಮಳಂತೂ, 'ಅಚ್ಚು ಹಾಕಿದವರು ಚಲೋ ಕೆಡಿಸಿದ್ದಾರೆ' ಎಂದು ಕೆಳಗೆ ಷರಾ ಬರೆದಿದ್ದಳು. ಅದನ್ನು ಓದುವಾಗ ಆ ಮನುಷ್ಯರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ತಪ್ಪಾದರೆ ಒಪ್ಪಿಕೊಳ್ಳುವ ಪರೀಕ್ಷಕರು ಬಹಳ ಇರುವುದಿಲ್ಲ. ಇವರು ಒಪ್ಪಿಕೊಂಡರು, ಏಳು ಜನರನ್ನೂ ಪಾಸು ಮಾಡಿದರು.

ಬ್ಯಾಚು ಉಳಿಯಿತು. ಈ ಸಂತೋಷದಲ್ಲಿ ನಾನಿದ್ದಾಗ ಮುಂದಿನ ವಾರ ಶರಣಪ್ಪ ಒಂದು ಗೊನೆ ಕೆಂಬಾಳೆ ಹೊತ್ತುಕೊಂಡು ಕೇಂದ್ರಕ್ಕೆ ಬಂದರು. ಹಣ್ಣು ಕೆಳಗಿಟ್ಟು, "ಮೇಡಂರೀ, ಮಗಳು ಪಾಸಾದಳು. ಇನ್ನ ಬಸ್ಸಿಗೆ ಕಳಸೂದು ಬಂದ್" ಎಂದರು.

ಇಷ್ಟು ಮಾಡಿ ಇಲ್ಲಿಗೇ ಬಂತೇ ಎನಿಸಿತು. ಏನೋ ಹೇಳಲು ಬಾಯಿ ತೆರೆದೆ.

"ಕೇಳ್ರಿಲ್ಲಿ" ಎಂದರು ಅವರು. "ಸಣ್ಣಾಕಿನೂ ಕಲೀತೀನಿ ಅಂತಾಳ. ಓಣ್ಯಾಗಿನ ಹುಡುಗ್ಯಾರೆಲ್ಲಾ ಮನೀ ಮುಂದ ನಿಂತಾರ. ಇಷ್ಟು ಮಂದೀನ ಬಸ್ಸಿಗೆ ಕಳಸೂದಾಗ್ತದೇನ್ರಿ? ದೊಡ್ಡಾಕಿನ್ನ ನಮ್ಮೂರಾಗೇ ಕಲಸಾಕ ನಿಂದರಸ್ರಿ."

ಸಿದ್ರಾಮಪ್ಪ ಸರ್ ಪೇಪರ್‌ವೇಟ್ ಮುಟ್ಟಲೂ ಇಲ್ಲ. ಅಂದೇ ಆದೇಶಕ್ಕೆ ಸಹಿ ಹಾಕಿದರು.

ಕಮಲಾಪುರದ ಆ ಮೊದಲ ಪ್ರೋಗ್ರಾಮಿಂಗ್ ಕ್ಲಾಸಿಗೆ ನಾನೂ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತೆ. ಹನ್ನೆರಡು ಹುಡುಗಿಯರು. ಮಹಾನಂದಾ ಹಲಗೆಯ ಮೇಲೆ ದುಂಡಗೆ ಒಂದು ಪ್ರೋಗ್ರಾಮ್ ಬರೆದಳು. ಮೂರನೆಯ ಸಾಲಿನಲ್ಲಿ ಒಂದು ಚಿಹ್ನೆ ತಪ್ಪಿತು. ನಾನು ನೋಡಿದೆ, ತಿದ್ದಲು ಏಳಲಿಲ್ಲ. ಮುಂದಿನ ಸಾಲಿನಿಂದ ಎರಡು ಜಡೆಯ ಒಬ್ಬ ಹುಡುಗಿ ಅರ್ಧ ಎದ್ದು, ಹೆದರಿಕೊಂಡೇ ಹೇಳಿದಳು: "ಅಕ್ಕಾ, ನೀವು ಬರದದ್ದು ತಪ್ಪದ ಅನಸ್ತದರಿ."

ಮಹಾನಂದಾ ಹಲಗೆ ನೋಡಿದಳು, ಹುಡುಗಿಯನ್ನು ನೋಡಿದಳು. ಅವಳ ಮುಖದಲ್ಲಿ ಆಗ ಬಂದ ಸಂತೋಷ ಪಾಸಾದ ದಿನವೂ ಬಂದಿರಲಿಲ್ಲ. ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಮುಂದಕ್ಕೆ ಚಾಚಿ, "ಬಾ, ತಿದ್ದು" ಎಂದಳು.

ಹುಡುಗಿ ಬಂದು ತಿದ್ದಿದಳು. ನಾನು ಸದ್ದಾಗದಂತೆ ಎದ್ದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ. ಆ ಕೋಣೆಯಲ್ಲಿ ನಾನು ಮಾಡಬೇಕಾದ ಕೆಲಸ ಇನ್ನೇನೂ ಉಳಿದಿರಲಿಲ್ಲ.